ಹಂಡೆ ಕಾಯುವ ನಿಕಾನೋರಾ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎಲ್ಲಿ ಯಾವ ಪದ ಹಾಕಬೇಕೆಂದು ತಿಳಿಯದೆ ಕೆಲವು ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನಮ್ಮ ಸಾನ್ ಹಿಲಾರಿಯೋ ಕೇರಿಯ ಹಬ್ಬದ ಸಮಿತಿಯವರು ನಿಕಾನೋರಾ ಅಜ್ಜಿಯ ಬಗ್ಗೆ ಎರಡು ಪುಟ ಬರೆದುಕೊಡು ಎಂದರು. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಬ್ಬದ ಹಂಡೆ ಕಾಯ್ದವರು ಈ ವರ್ಷ ಅದನ್ನು ಬೇರೆಯವರಿಗೆ ಒಪ್ಪಿಸುತ್ತಾರೆ, ಆ ದಿನ ಓದುವುದಕ್ಕೆ. ಎರಡು ಪುಟದಲ್ಲಿ ಮುಗಿಯಲಿಲ್ಲ, ಅದಕ್ಕೂ ಕ್ಷಮಿಸಿ. ಅಜ್ಜಿ ಹೇಳಿದ್ದನ್ನೇ ಬರೆದಿದ್ದೇನೆ. ಬರೆದದ್ದನ್ನು ಅವರ ಎದುರು ಕೂತು ಗಟ್ಟಿಯಾಗಿ ಮೂರು ಸಲ ಓದಿ, ತಪ್ಪಿದ್ದ ಕಡೆ ತಿದ್ದಿದ್ದೇನೆ.

ನಿಕಾನೋರಾ ಹುಟ್ಟಿದ್ದು ಇದೇ ಕೇರಿಯ ಮೇಲಿನ ಮನೆಯಲ್ಲಿ, ಮಲಿಂಚೆ ಬೆಟ್ಟ ಬಾಗಿಲಿಗೆ ಎದುರಾಗಿ ಕಾಣುವ ಕಡೆ. ಅಪ್ಪ ಕತ್ತಾಳೆಯ ರಸ ಇಳಿಸಿ ಪುಲ್ಕೆ ಹೆಂಡ ಮಾರುತ್ತಿದ್ದರು. ಅಮ್ಮ ಮುಸುಕಿನ ಜೋಳದ ಹಿಟ್ಟನ್ನು ತೆನೆಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ ತಮಾಲೆ ಮಾರುತ್ತಿದ್ದರು. ಏಳು ವರ್ಷಕ್ಕೆ ನಿಕಾನೋರಾ ಒಣಗಿದ ಜೋಳದ ತೆನೆಸಿಪ್ಪೆಯನ್ನು ನೆನೆಸಿ, ಅದಕ್ಕಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸುವುದನ್ನು ಕಲಿತರು. ಹತ್ತಕ್ಕೆ ಜೋಳದ ಹಿಟ್ಟಿಗೆ ಹಂದಿಕೊಬ್ಬು ಸೇರಿಸಿ, ಒಂದು ಚಿಕ್ಕ ಉಂಡೆ ಲೋಟದ ನೀರಿನಲ್ಲಿ ತೇಲುವವರೆಗೂ ಬಡಿಯುವುದನ್ನು ಕಲಿತರು. ಹನ್ನೆರಡಕ್ಕೆ ಅಮ್ಮ ಅವರನ್ನು ಹಂಡೆಯ ಪಕ್ಕ ಕೂರಿಸಿ, ತಳದ ನೀರಿಗೆ ಒಂದು ತಾಮ್ರದ ನಾಣ್ಯ ಹಾಕಿ, ಅದರ ಮೇಲೆ ಜಾಲರಿ ಇಟ್ಟು, ತಮಾಲೆಗಳನ್ನು ಸಾಲಾಗಿ ನಿಲ್ಲಿಸಿ ಮುಚ್ಚಳ ಹಾಕಿದರು.

"ನೀರು ಕುದೀತಿರೋವರೆಗೂ ಇದು ಟಣಟಣ ಅಂತಿರುತ್ತೆ," ಎಂದರು. "ಸುಮ್ಮನಾಯ್ತು ಅಂದ್ರೆ ನೀರು ಮುಗೀತು ಅಂತ. ಆಗ ಪಕ್ಕದ ಕೊಳವೇಲಿ ಬಿಸಿನೀರು ಹುಯ್ಯಿ. ಮುಚ್ಚಳ ಎತ್ತಿ ನೋಡಿದ್ಯೋ, ಹಬೆ ಹೋಗಿ ಹಿಟ್ಟು ಕೂತ್ಬಿಡುತ್ತೆ. ಕಣ್ಣಿಗೆ ಇಲ್ಲಿ ಕೆಲಸ ಇಲ್ಲ ಮಗಳೇ. ಕಿವಿ ಇಟ್ಕೊಂಡು ಕೂತಿರು."

ನಿಕಾನೋರಾ ಹಾಗೇ ಕೂತರು. ಮದುವೆಯಾಯಿತು, ಮಗ ಫಿದೆನ್ಸಿಯೋ ಹುಟ್ಟಿದ, ಗಂಡ ಅಬುಂದಿಯೋ ತೀರಿಕೊಂಡರು. ಪ್ರತಿ ಫೆಬ್ರವರಿ ಎರಡಕ್ಕೆ ಬಾಲಯೇಸುವಿನ ಹಬ್ಬ ಬಂದಾಗ ಕೇರಿಯ ಹೆಂಗಸರೆಲ್ಲ ಸೇರಿ ಹಿಟ್ಟು ಬಡಿಯುತ್ತಿದ್ದರು, ತುಂಬುತ್ತಿದ್ದರು, ಕಟ್ಟುತ್ತಿದ್ದರು. ಹಂಡೆ ಮಾತ್ರ ನಿಕಾನೋರಾ ಅವರದು. ಹರಟೆ ಹೊಡೆಯುತ್ತಾ ಹೊಡೆಯುತ್ತಾ ಮಾತಿನ ಮಧ್ಯೆ ಕೈ ಎತ್ತಿ "ನೀರು" ಎನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು. ಈ ಯಮ್ಮನ ಹಿಂದೆ ಗಂಡನ ಬಗ್ಗೆ ದೂರು ಹೇಳೋ ಹಾಗಿಲ್ಲ, ಆಚೆ ಬೀದಿಯಿಂದಲೇ ಕೇಳಿಸಿಕೊಳ್ಳುತ್ತಾಳೆ ಎನ್ನುತ್ತಿದ್ದರು. ಆ ಮಾತು ಕೇಳಿದರೆ ಅವರಿಗೆ ಒಳಗೊಳಗೇ ಹಿಗ್ಗು.

ಮಗ ಫಿದೆನ್ಸಿಯೋ ವೆರಾಕ್ರೂಸ್ ಬಂದರಿನಲ್ಲಿ ಎರಡು ವರ್ಷ ಲಾರಿ ಓಡಿಸಿ, ಬರುವಾಗ ನೆರೇಯ್ದಾಳನ್ನು ಕರೆದುಕೊಂಡು ಬಂದ. ಕರಾವಳಿಯ ಹುಡುಗಿ. ಅವಳು ಅಡುಗೆಮನೆಯಲ್ಲಿ ಮಾತಾಡಿದರೆ ಮೂರನೇ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ನಮ್ಮಲ್ಲಿ ಹೆಬ್ಬೆರಳು ದಪ್ಪದ ನೇರಳೆ ಬಣ್ಣದ ಕಾಳು ಬೇಯಿಸಿದರೆ, ಅವಳು ಕಪ್ಪು ಕಾಳು ಅರೆದು ಹುರಿದು, ಪಕ್ಕಕ್ಕೆ ಕರಿದ ಬಾಳೆಹಣ್ಣು ಇಡುತ್ತಿದ್ದಳು. ನಾವು ಒಣಮೆಣಸಿನಕಾಯಿ ಹುರಿದು ಅರೆಯುತ್ತೇವೆ, ಅವಳು ಹಸಿಯದನ್ನೇ ಕಚ್ಚುತ್ತಿದ್ದಳು. ತಮಾಲೆಗೆ ಅವಳಿಗೆ ಬಾಳೆ ಎಲೆಯೇ ಬೇಕು. ಎಲೆಯನ್ನು ಉರಿಯ ಮೇಲೆ ಹಾಯಿಸಿ ಬಾಡಿಸಿ, ಒಳಗೆ ಸೋಂಪಿನ ವಾಸನೆಯ ಅಕುಯೋ ಸೊಪ್ಪು ಹಾಸಿ, ನೀರು ನೀರಾದ ಹಿಟ್ಟು ಸುರಿದು ಮಡಚುತ್ತಿದ್ದಳು.

"ಇದೇನೇ ಇದು, ಮಗುವಿನ ಗಂಜಿ ಗಂಟು ಕಟ್ಟಿದ ಹಾಗಿದೆ," ಎಂದರು ನಿಕಾನೋರಾ ಮೊದಲ ಸಲ ನೋಡಿದಾಗ.

"ಅತ್ತೆ, ನಿಮ್ಮ ತಮಾಲೆ ನಿಮ್ಮ ಜನರ ಹಾಗೇ ಇದೆ. ಮೈತುಂಬ ಹೊದ್ಕೊಂಡು ಚಳಿಗೆ ನೆಟ್ಟಗೆ ನಿಂತಿರುತ್ತೆ. ನಮ್ಮದು ಸೆಕೆಗೆ ಅಂಗಾತ ಮಲಗಿರುತ್ತೆ ನೋಡಿ."

"ಹಿಟ್ಟು ಬಡಿಯೋಕೆ ಸೋಮಾರಿತನ. ಅದಕ್ಕೆ ಎಲೇಲಿ ಮುಚ್ಚಿಡ್ತೀರ."

"ಬಡಿಯೋದ್ಯಾಕೆ ಅತ್ತೆ? ಪಾಪ, ಅದೇನು ತಪ್ಪು ಮಾಡಿದೆ?"

ನಿಕಾನೋರಾ ಮುಖ ಆಚೆ ತಿರುಗಿಸಿ ನಕ್ಕರು. ಎಲೆಯ ತಮಾಲೆ ಅವರಿಗೆ ರುಚಿಸಿತು. ಆದರೆ ಹಾಗೆಂದು ಒಂದು ದಿನವೂ ಹೇಳಲಿಲ್ಲ.

ಸೊಸೆ ಬಂದ ಎರಡನೇ ವರ್ಷದಲ್ಲಿ ಅವರ ಕಿವಿ ಮಂದವಾಗತೊಡಗಿತು. ಮೊದಲು ಹಕ್ಕಿಗಳ ಸದ್ದು ಹೋಯಿತು. ಆಮೇಲೆ ಚರ್ಚಿನ ಪಾದ್ರಿಯ ಮಾತು ಹೋಯಿತು. ಜನ ಮಾತಾಡುವಾಗ ಅವರ ಬಾಯಿ ನೋಡಿ, ನಕ್ಕರೆ ನಕ್ಕು, ತಲೆಯಾಡಿಸಿದರೆ ತಲೆಯಾಡಿಸಿ ನಿಭಾಯಿಸಿದರು. ಮನೆಯಲ್ಲಿ ಕಷ್ಟವಿಲ್ಲದೆ ಕೇಳುತ್ತಿದ್ದದ್ದು ನೆರೇಯ್ದಾಳ ಮಾತು ಮಾತ್ರ. ಕೇರಿಯವರು "ಅದೇನು ನಿಮ್ಮ ಸೊಸೆ, ಯಾವಾಗಲೂ ಜಗಳಕ್ಕೆ ನಿಂತ ಹಾಗೆ ಕೂಗ್ತಾಳೆ" ಎಂದಾಗ ನಿಕಾನೋರಾ ಹೌದು ಹೌದು ಎನ್ನುತ್ತಿದ್ದರು. ಆ ಕೂಗು ನಿಂತರೆ ತನಗೆ ಮನೆಯೇ ಮೂಕವಾಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.

ಹಂಡೆಗೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಮರದ ಸೌಟಿನ ತುದಿಯನ್ನು ಹಂಡೆಗೆ ಆನಿಸಿ, ಹಿಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ನಾಣ್ಯ ಕುಣಿದರೆ ಅಂಗೈ ಜುಮ್ಮೆನ್ನುತ್ತಿತ್ತು. ಒಂದು ಹಬ್ಬ ಹಾಗೇ ದಾಟಿತು. ಯಾರಿಗೂ ಗೊತ್ತಾಗಲಿಲ್ಲ.

ಎರಡು ವರ್ಷದ ಹಿಂದೆ ಹಬ್ಬದ ಯಜಮಾನಿಕೆ ಫಿದೆನ್ಸಿಯೋನ ಪಾಲಿಗೆ ಬಂತು. ಇಡೀ ಕೇರಿ ಅವನ ಮನೆಯಲ್ಲಿ ಊಟ ಮಾಡಬೇಕು. ನೆರೇಯ್ದಾ ಹಿಂದಿನ ದಿನ ಅತ್ತೆಯ ಹತ್ತಿರ ಬಂದು ಕೇಳಿದಳು.

"ಅತ್ತೆ, ಹಂಡೆಯ ಮೇಲ್ಗಡೆ ಒಂದೇ ಒಂದು ಸಾಲು ಎಲೆಯದು ಇಡ್ಲಾ? ನಮ್ಮನೆ ಹಬ್ಬ ಅಲ್ವಾ? ನಮ್ಮೂರಿಂದು ಏನಾದ್ರೂ ಇರ್ಲಿ ಅಂತ ಆಸೆ."

"ಸಮಿತಿಯ ಎರ್ಮೆಲಿಂದಾ ನೋಡಿದ್ರೆ ಎಗರಾಡ್ತಾಳೆ."

"ಮುಚ್ಚಳ ಎತ್ತೋ ಹಾಗಿಲ್ಲ ಅಂತ ನೀವೇ ಹೇಳ್ತೀರಲ್ಲ. ಎತ್ತೋವರೆಗೂ ಹೇಗೆ ನೋಡ್ತಾರೆ?"

ನಿಕಾನೋರಾ "ಇಡು ಹೋಗು" ಎಂದರು.

ಹಬ್ಬದ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಹೂಡಿದರು. ಹಂಡೆಯ ಎರಡು ಕಿವಿಗಳಿಗೂ ತೆನೆಸಿಪ್ಪೆ ಸೀಳಿ ಗಂಟು ಕಟ್ಟಿದರು. ಹತ್ತಿರದಲ್ಲಿ ಯಾರಾದರೂ ಸಿಟ್ಟಾದರೆ ಹಂಡೆ ಮುನಿಸಿಕೊಂಡು ತಮಾಲೆ ಬೇಯಿಸುವುದಿಲ್ಲವಲ್ಲ, ಅದಕ್ಕೆ. ಹೆಂಗಸರು ಅಂಗಳದಲ್ಲಿ ಬಡಿಸುವ ತಯಾರಿಗೆ ಹೋದರು. ಹತ್ತು ಗಂಟೆಗೆ ವಾದ್ಯದವರು ಬಂದರು. ದೊಡ್ಡ ಡೋಲು ಗೋಡೆಯಾಚೆಯೇ ನಿಂತಿತು. ಬಾಣಬಿರುಸು ಹಾರಿದವು. ನೆಲ ನಡುಗಿತು, ಸೌಟೂ ನಡುಗಿತು, ನಿಕಾನೋರಾ ಅವರ ಅಂಗೈ ಜುಮ್ಮೆನ್ನುತ್ತಲೇ ಇತ್ತು. ನಾಣ್ಯ ಕುಣಿಯುತ್ತಿದೆ ಎಂದೇ ಅವರು ಕೂತಿದ್ದರು.

ಬಿಂದಿಗೆಗೆ ಬಂದ ನೆರೇಯ್ದಾ ಹಂಡೆಯ ಹತ್ತಿರ ನಿಂತುಬಿಟ್ಟಳು.

"ಅತ್ತೆ! ನಾಣ್ಯ ಸುಮ್ಮನಾಗಿದೆ!"

ಅವಳ ಮಾತು ಎಂದಿನಂತೆ ಸ್ಪಷ್ಟವಾಗಿ ಕೇಳಿಸಿತು. ನಿಕಾನೋರಾ ಅಂಗೈ ಒತ್ತಿ ನೋಡಿದರು. ಜುಮ್ಮೆನ್ನುತ್ತಿತ್ತು. ಆದರೆ ಅದೇ ಹೊತ್ತಿಗೆ ಅವರಿಗೆ ಒಂದು ಅನುಮಾನವೂ ಬಂತು. ಆ ಜುಮ್ಮು ಡೋಲಿನ ಏಟಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಬಿಸಿನೀರಿನ ಪಾತ್ರೆ ಕೈಗೆಟಕುವಷ್ಟು ಹತ್ತಿರ ಇತ್ತು. ಒಂದು ಚೊಂಬು ಹೊಯ್ದಿದ್ದರೆ ಮುಗಿದುಹೋಗುತ್ತಿತ್ತು. ಹೊಯ್ದರೆ ತನಗೆ ಕೇಳಿಸಲಿಲ್ಲವೆಂದು ಒಪ್ಪಿಕೊಂಡ ಹಾಗೆ.

"ಸುಮ್ಮನಾಗಿದ್ಯಂತೆ! ನಲವತ್ತು ವರ್ಷ ಕಾದಿದ್ದೀನಿ ಇದನ್ನ. ಮೀನು ಸುಟ್ಕೊಂಡು ತಿನ್ನೋರ ಹತ್ರ ಹಂಡೆ ಪಾಠ ಹೇಳಿಸ್ಕೋಬೇಕಾ ನಾನು?"

"ಅತ್ತೆ, ಒಂದ್ಸಲ ಬಗ್ಗಿ ಕೇಳಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹೋಗಾಚೆ! ನೀನು ಹೀಗೆ ಕಿರುಚಿದ್ರೆ ಹಂಡೆ ಮುನಿಸ್ಕೊಳ್ಳುತ್ತೆ!"

ನೆರೇಯ್ದಾ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ಬಿಂದಿಗೆ ಎತ್ತಿಕೊಂಡು ಹೋದಳು. ಅವಳು ಹೋದಮೇಲೂ ನಿಕಾನೋರಾ ನೀರು ಹೊಯ್ಯಲಿಲ್ಲ. ಅಷ್ಟು ಹೊತ್ತಿಗೆ ಸುಟ್ಟ ವಾಸನೆ ಬಂತು.

ಮುಚ್ಚಳ ತೆಗೆದಾಗ ತಳದ ತಮಾಲೆಗಳು ಕರಕಲು, ನಡುವಿನವು ಹೊಗೆ ಹಿಡಿದಿದ್ದವು, ಮೇಲಿನ ಸಾಲು ಹಸಿ. ಆ ಸಾಲಿನಲ್ಲಿದ್ದದ್ದು ಬಾಳೆ ಎಲೆ. ಸಮಿತಿಯ ಹಿರಿಯರಾದ ಎರ್ಮೆಲಿಂದಾ ಎಲೆಯ ಒಂದು ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದ್ಯಾರು ಇಟ್ಟಿದ್ದು?"

"ನಾನು," ಎಂದಳು ನೆರೇಯ್ದಾ.

"ಎಲೇನೂ ಸಿಪ್ಪೇನೂ ಒಂದೇ ಹಂಡೇಲಿ! ಸಾಲದು ಅಂತ ಅದರ ಮುಂದೆ ಕೂಗಾಟ ಬೇರೆ. ಅಂಗಳಕ್ಕೇ ಕೇಳಿಸ್ತು."

"ನೀರು ಇಂಗಿಹೋಗಿದೆ ನೋಡಿ," ಎಂದಳು ಇನ್ನೊಬ್ಬಳು.

"ಮುನಿದ ಹಂಡೆ ನೀರೆಲ್ಲ ಕುಡಿದ್ಬಿಡುತ್ತೆ. ನಮ್ಮಜ್ಜಿ ಕಾಲದಲ್ಲೂ ಹೀಗೇ ಆಗಿತ್ತು. ಅಲ್ವಾ ಕೋಮಾದ್ರೆ?" ಎಂದರು ಎರ್ಮೆಲಿಂದಾ.

ಎರ್ಮೆಲಿಂದಾ ಅವರ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವರು ನಿಕಾನೋರಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೋಮಾದ್ರೆ ಎಂದೇ ಕರೆಯುತ್ತಾರೆ. ಎಲ್ಲರೂ ನಿಕಾನೋರಾ ಅವರ ಕಡೆ ತಿರುಗಿದರು. ಏನು ಕೇಳಿದರೆಂದು ನಿಕಾನೋರಾ ಅವರಿಗೆ ಪೂರ್ತಿ ಕೇಳಿಸಲಿಲ್ಲ. ಆದರೆ ಏನು ಉತ್ತರ ಬೇಕಾಗಿದೆ ಎಂದು ಮುಖಗಳಲ್ಲಿ ಕಾಣಿಸಿತು. ತಲೆಯಾಡಿಸಿದರು.

ಹಂಡೆಯನ್ನು ಸಿಟ್ಟಿಗೆಬ್ಬಿಸಿದವರು ಅದರ ಮುಂದೆ ಕುಣಿದು ಸಮಾಧಾನ ಮಾಡಬೇಕು. ತೆನೆಸಿಪ್ಪೆಯ ಹಗ್ಗ ಹೊಸೆದು ನೆರೇಯ್ದಾಳ ಸೊಂಟಕ್ಕೆ ಕಟ್ಟಿದರು. ವಾದ್ಯದವರನ್ನು ಹಿತ್ತಲಿಗೆ ಕರೆದರು. ನೀರು ತುಂಬಿಸಿ ಮತ್ತೆ ಒಲೆ ಹೊತ್ತಿಸಿದ ಹಂಡೆಯ ಸುತ್ತ ಅವಳು ಕುಣಿದಳು. ಮನೆಯ ಯಜಮಾನಿ, ಹಬ್ಬಕ್ಕೆಂದು ಹೊಲಿಸಿದ ಬಿಳಿ ಲಂಗದಲ್ಲಿ. ಗಂಡಸರು ಗೋಡೆ ಹತ್ತಿ ನೋಡಿದರು. ಯಾರೋ "ಇನ್ನೂ ಸೊಂಟ ಬಳುಕಿಸು, ಕರಾವಳಿಯವಳೇ!" ಎಂದು ಕೂಗಿದರು. ಎಲ್ಲರೂ ತಾಳಕ್ಕೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಿಕಾನೋರಾ ಅವರೂ ತಟ್ಟಿದರು. ತಟ್ಟದೆ ಇದ್ದರೆ ಯಾರಾದರೂ ಏಕೆಂದು ಕೇಳುತ್ತಾರೆ ಎಂಬ ಭಯ. ಕುಣಿಯುತ್ತಾ ಒಂದು ಸುತ್ತಿನಲ್ಲಿ ನೆರೇಯ್ದಾ ಅತ್ತೆಯ ಕೈಗಳನ್ನು ನೋಡಿದಳು.

ಎರಡನೇ ಸಲ ಬೆಂದರೂ ಹೊಗೆ ವಾಸನೆ ಹೋಗಲಿಲ್ಲ. ಜನ ಬ್ರೆಡ್ಡು ತಿಂದು, ಜೋಳದ ಬಿಸಿ ಅಂಬಲಿ ಕುಡಿದು ಎದ್ದರು.

ಆಮೇಲೆ ಕೇರಿಯಲ್ಲಿ ಯಾವ ಮದುವೆ ಬಂದರೂ ನೆರೇಯ್ದಾಳಿಗೆ ಅಡುಗೆಮನೆಯಲ್ಲಿ ಕೆಲಸವಿಲ್ಲ. "ನೀನು ಹೊರಗೆ ಪಾತ್ರೆ ನೋಡ್ಕೋ ತಾಯಿ, ಅಲ್ಲಿ ಎಷ್ಟು ಬೇಕಾದ್ರೂ ಕೂಗು," ಎನ್ನುತ್ತಿದ್ದರು. ಮೊದಲು ಅವಳೂ ತಮಾಷೆ ಮಾಡಿ ಉತ್ತರ ಕೊಡುತ್ತಿದ್ದಳು. ಬರಬರುತ್ತಾ ಹೋಗುವುದನ್ನೇ ಬಿಟ್ಟಳು. ಹೊರಗೆ ಅವಳ ದನಿ ಸಣ್ಣದಾಯಿತು. ಹೋದ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬಸ್ಸು ಹತ್ತಿ ತವರಿಗೆ ಹೋದಳು. ನಿಕಾನೋರಾ ಅವರಿಗೆ ಊಟ ಸೇರುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವುದು, ಸಂಜೆಗೆ ಏನೋ ನೆಪ ಸಿಗುವುದು. ಹೋದ ವರ್ಷದ ಹಬ್ಬದಲ್ಲಿ ನಿಮಿಷ ನಿಮಿಷಕ್ಕೆ ನೀರು ಹೊಯ್ಯುತ್ತಾ ಕೂತರು. ತಮಾಲೆಗಳು ನೀರುಂಡು ಜೋಲುಬಿದ್ದವು. ಹೆಂಗಸರು ಅದಕ್ಕೂ ನೆರೇಯ್ದಾಳ ಹಳೆಯ ಸಿಟ್ಟೇ ಕಾರಣ ಎಂದರು. ಅವಳು ಇದ್ದದ್ದು ಒಂಬತ್ತು ತಾಸಿನ ದಾರಿಯಾಚೆ. ಹಬ್ಬ ಕಳೆದ ಮೇಲೆಯೇ ತಿರುಗಿ ಬಂದಳು.

ಈ ಜನವರಿಯಲ್ಲಿ, ಮೂವರು ಅರಸರ ಹಬ್ಬದ ಮರುದಿನ, ಮನೆಮಟ್ಟಿಗೆ ತಮಾಲೆ ಮಾಡಿದರು. ಮನೆಯ ಸಣ್ಣ ಹಂಡೆ ಮಾತ್ರ ನಿಕಾನೋರಾ ಅವರಿಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತಿತ್ತು. ಹಾಗಾದರೆ ಕಿವಿ ಅಷ್ಟೇನೂ ಕೆಟ್ಟಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅಂದು ನೆರೇಯ್ದಾ ಬೆರಳು ಸುಟ್ಟುಕೊಂಡಿದ್ದರಿಂದ ಹಂಡೆ ತೊಳೆಯಲು ಅವರೇ ಕೂತರು. ತಳದಲ್ಲಿ ಮೂರು ನಾಣ್ಯಗಳಿದ್ದವು. ಅವುಗಳ ಜೊತೆ ಲಾರಿಯ ಚಕ್ರಕ್ಕೆ ಹಾಕುವ ದಪ್ಪ ಕಬ್ಬಿಣದ ನಟ್ಟು ಒಂದಿತ್ತು. ತುಕ್ಕು ಹಿಡಿಯದ ಹಾಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು.

"ಇದೇನೇ ಇದು?"

ನೆರೇಯ್ದಾ ತಿರುಗಿ ನೋಡಿದಳು. "ಒಂದೇ ನಾಣ್ಯ ಇದ್ರೆ ಬೇಜಾರಾಗುತ್ತಲ್ವಾ ಅತ್ತೆ? ಜೊತೆಗಿರ್ಲಿ ಅಂತ ಸಂಸಾರ ಮಾಡ್ಕೊಟ್ಟೆ."

ನಿಕಾನೋರಾ ನಗಲಿಲ್ಲ. "ಯಾವಾಗಿಂದ ಗೊತ್ತು ನಿಂಗೆ?"

ಸೊಸೆ ಹತ್ತಿರ ಬಂದು ಎದುರಿಗೆ ಕೂತಳು. ಎರಡು ವರ್ಷದಿಂದ ಅವಳು ಯಾವ ಮಾತಾಡಿದರೂ ಹೀಗೇ ಎದುರಿಗೆ ಬಂದು ಮಾತಾಡುತ್ತಿದ್ದಳು. ಅದು ಆಗ ನಿಕಾನೋರಾ ಅವರ ಗಮನಕ್ಕೆ ಬಂತು.

"ಕುಣಿಯೋದಕ್ಕಿಂತ ಮುಂಚೆಯಿಂದ. ಬಿಂದಿಗೆಗೆ ಬಂದಾಗ ನಿಮ್ಮ ಮುಖ ನೋಡಿದ್ನಲ್ಲ, ಆಗಲೇ."

"ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ಕುಣಿದೆ?"

"ಹೇಳಿದ್ರೆ ನಿಮ್ಮನ್ನ ಹಂಡೆ ಹತ್ರ ಮತ್ತೆ ಸೇರಿಸ್ತಿದ್ರಾ? ನಂಗೇನು, ಹೊರಗಿನವಳು, ಇನ್ನೊಂದು ಹೆಸರು ಬಂದ್ರೆ ಬರ್ಲಿ ಅಂದ್ಕೊಂಡೆ. ನೀವೇ ಆಮೇಲೆ ಒಂದು ಮಾತು ಹೇಳ್ತೀರ ಅಂತ ಕಾದೆ."

"ಈ ಸಲ ಹಂಡೆ ನಿಂಗೇ ಕೊಡಿಸ್ತೀನಿ."

"ನಂಗೆ ಹಂಡೆ ಬೇಡ ಅತ್ತೆ." ಅವಳ ದನಿ ಏರಿತು. ಎಷ್ಟೋ ದಿನದ ಮೇಲೆ ಹಾಗೆ ಏರಿದ್ದು. "ಕೇರಿಯವರು ತಟ್ಟಿದ್ರು, ತಟ್ಕೊಳ್ಳಿ. ಅವರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು. ನೀವ್ಯಾಕೆ ತಟ್ಟಿದ್ರಿ? ಅದನ್ನ ಎಲ್ಲರ ಮುಂದೆ ಹೇಳಿ. ಹೇಳೋದಾದ್ರೆ ಈ ಹಬ್ಬಕ್ಕೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಬಸ್ಸಿಗೆ ಹೋಗ್ತೀನಿ, ಈ ಸಲ ಬೇಗ ಬರಲ್ಲ."

ನಿಕಾನೋರಾ ಮರುದಿನವೇ ಸಂತೆಯಲ್ಲಿ ಎರ್ಮೆಲಿಂದಾ ಅವರನ್ನು ಹುಡುಕಿಕೊಂಡು ಹೋದರು. ಒಣಮೆಣಸಿನಕಾಯಿ ಅಂಗಡಿಯ ಮುಂದೆ ನಿಲ್ಲಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು: ಕಿವಿ, ಸೌಟು, ಡೋಲು, ಹೊಯ್ಯದ ನೀರು.

ಎರ್ಮೆಲಿಂದಾ ಅವರ ಎರಡೂ ಕೈ ಹಿಡಿದುಕೊಂಡರು. ದೊಡ್ಡದಾಗಿ, ಬಾಯಿ ಚೆನ್ನಾಗಿ ಕಾಣುವ ಹಾಗೆ ಮಾತಾಡಿದ್ದರಿಂದ ಅಷ್ಟೂ ಕೇಳಿಸಿತು. "ಎಂಥಾ ಮನಸ್ಸು ಕೋಮಾದ್ರೆ ನಿಮ್ಮದು! ಸೊಸೆ ತಪ್ಪನ್ನ ತಲೆ ಮೇಲೆ ಹೊತ್ಕೊಳ್ತಿದ್ದೀರಲ್ಲ! ನಮ್ಮತ್ತೆಯಾಗಿದ್ರೆ ನನ್ನನ್ನ ಆ ಹಂಡೇಲೇ ಬೇಯಿಸ್ತಿದ್ಲು."

"ನಿಜ ಹೇಳ್ತಿದ್ದೀನಿ ಕೋಮಾದ್ರೆ. ನಂಗೆ ಕಿವಿ ಕೇಳಿಸಲ್ಲ."

"ಈಗ ನನ್ನ ಮಾತಿಗೆಲ್ಲ ಉತ್ತರ ಕೊಡ್ತಿದ್ದೀರಲ್ಲ!" ಎಂದು ನಕ್ಕು, ಅಂಗಡಿಯವಳಿಗೂ ಹೇಳಿದರು: "ನೋಡು, ಅತ್ತೆ ಅಂದ್ರೆ ಹೀಗಿರ್ಬೇಕು."

ಸಂಜೆಯೊಳಗೆ ಕೇರಿಯೆಲ್ಲ ನಿಕಾನೋರಾ ಅವರ ಒಳ್ಳೆಯತನದ ಸುದ್ದಿ. ದಾರಿಯಲ್ಲಿ ಸಿಕ್ಕವರು ಭುಜ ತಟ್ಟಿದರು. ಒಬ್ಬರು ಸಿಹಿ ಬ್ರೆಡ್ಡು ತಂದುಕೊಟ್ಟರು. ನೆರೇಯ್ದಾಳಿಗೆ ಹೆಸರು ಮೊದಲಿಗಿಂತ ಕೆಟ್ಟಿತು. ಇಂಥಾ ಅತ್ತೆಯ ಮುಂದೆ ಕೂಗಾಡಿದವಳು ಎಂದರು. ಆ ಬ್ರೆಡ್ಡನ್ನು ನಿಕಾನೋರಾ ಮುಟ್ಟಲಿಲ್ಲ. ಮೇಜಿನ ಮೇಲೆಯೇ ಕಲ್ಲಿನಂತೆ ಗಟ್ಟಿಯಾಯಿತು.

ಆಮೇಲೆ ನನ್ನನ್ನು ಕರೆಸಿದರು. ನಾನು ಅವರ ಪಕ್ಕದ ಮನೆಯವಳು, ವಾರಕ್ಕೆ ಎರಡು ದಿನ ತೆನೆಸಿಪ್ಪೆ ಬಿಡಿಸಲು ಹೋಗುತ್ತೇನೆ. ಸಮಿತಿಯವರು ಹೇಳಿದ ಎರಡು ಪುಟವನ್ನು ಬರೆದಾಗಿತ್ತು. ಅದರಲ್ಲಿ ಅಮ್ಮ, ನಾಣ್ಯ, ನಲವತ್ತು ವರ್ಷ ಎಲ್ಲ ಇತ್ತು.

"ಅದು ಇರ್ಲಿ," ಎಂದರು. "ಈಗ ಮಿಕ್ಕಿದ್ದು ಬರಿ. ಬಾಯಲ್ಲಿ ಹೇಳಿದ್ರೆ ಹೊಗಳ್ತಾರೆ. ಬರೆದು ಓದಿದ್ರೆ ಮಧ್ಯೆ ಮಾತಾಡೋಕಾಗಲ್ಲ. ನಾನು ಬೈದಿದ್ದನ್ನ ನಾನು ಬೈದ ಹಾಗೇ ಬರಿ. ಚಪ್ಪಾಳೆ ಬಿಡ್ಬೇಡ."

ನಾಲ್ಕು ದಿನ ಬರೆದೆ. ಚಪ್ಪಾಳೆಯ ಜಾಗಕ್ಕೆ ಬಂದಾಗ ಅವರು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಬರೆಯುವುದನ್ನು ನಿಲ್ಲಿಸಿದೆ. "ನಿಲ್ಲಿಸ್ಬೇಡ ಮಗಳೇ," ಎಂದರು.

ನಿನ್ನೆ ಎರ್ಮೆಲಿಂದಾ ಅವರು ಇದನ್ನು ತರಿಸಿಕೊಂಡು ನೋಡಿದರು. ಆಮೇಲೆ ಎರಡನೇ ಪುಟದ ಕೊನೆಯಲ್ಲಿ ಉಗುರಿನಿಂದ ಒಂದು ಗೆರೆ ಎಳೆದು, ಹಬ್ಬದ ದಿನ ಇಷ್ಟು ಸಾಕು, ಇದರಿಂದ ಮುಂದಕ್ಕೆ ಓದಬೇಡ ಎಂದರು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದೂ ಹೇಳಿದರು. ನನಗೆ ದೊಡ್ಡವರ ಮುಂದೆ ಮಾತು ಹೊರಡುವುದಿಲ್ಲ. ಅಜ್ಜಿಯ ಮನೆಗೆ ಬಂದು ಹೇಳಿದೆ. ಅವರು ನೆರೇಯ್ದಾ ಅಕ್ಕನ ಮುಖ ನೋಡಿದರು. ಅಕ್ಕ ಬಸ್ಸಿಗೆಂದು ಕಟ್ಟಿಟ್ಟ ಚೀಲವನ್ನು ಇನ್ನೂ ಬಿಚ್ಚಿಲ್ಲ, ಬಾಗಿಲ ಹತ್ತಿರವೇ ಇದೆ.

ಭಾನುವಾರ, ಹಬ್ಬದ ದಿನ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಾನು ಇದನ್ನು ನಿಂತು ಓದುತ್ತೇನೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದುತ್ತೇನೆ.